ಅಳಿಯಗೆ ಆಕ್ಸಿಜನ್ ಹಚ್ಯಾರಂತ!

ನಮ್ಮ ಬಳ್ಳಾರಿ ಸೀಮೆಯಲ್ಲಿ ಗೊರಕೆಗೆ ಬಲು ಮರ್ಯಾದೆ. ಉಂಡು ಮಲಗಿ ಗೊರಕೆ ಹೊಡೆದವನು ಪುಣ್ಯವಂತ, ಸಾಲವಿಲ್ಲ, ಚಿಂತೆಯಿಲ್ಲ. ಬಹುಕಾಲ ಈ ಪುಣ್ಯವಂತರ ಪಟ್ಟಿಯಲ್ಲಿದ್ದ ನನ್ನನ್ನು ಡಾಕ್ಟರು ಒಂದೇ ರಾತ್ರಿಯಲ್ಲಿ ರೋಗಿಯನ್ನಾಗಿ ಮಾಡಿದರು. ಮೈತುಂಬ ವೈರು ಅಂಟಿಸಿ ಮಲಗಿಸಿದ ಆ ರಾತ್ರಿಯ ವರದಿಯ ಪ್ರಕಾರ ನಿದ್ದೆಯಲ್ಲಿ ನನ್ನ ಉಸಿರು ಆಗಾಗ ನಿಲ್ಲುತ್ತದೆ. ಗಂಟೆಗೆ 5ರಿಂದ 15 ಸಲ ಹೀಗಾದರೆ ಸೌಮ್ಯ ಸ್ಲೀಪ್ ಆಪ್ನಿಯಾ, 30 ದಾಟಿದರೆ ತೀವ್ರ. ನನ್ನದು ಸೌಮ್ಯ.

ಸೌಮ್ಯ ಕಾಯಿಲೆಗೆ ಯಾರೂ ಕಿಮ್ಮತ್ತು ಕೊಡುವುದಿಲ್ಲ. ಅದನ್ನು ನೋಡಲು ಮೂಸಂಬಿ ಹಿಡಿದುಕೊಂಡು ಯಾರೂ ಬರುವುದಿಲ್ಲ. ಆದರೆ ಬಿ.ಪಿ. ಏರಿತ್ತು, ಹಗಲು ಕೂತಲ್ಲೇ ತೂಕಡಿಕೆ. "ತೂಕ ಇಳಿಸ್ರಿ, ಮಗ್ಗುಲಾಗಿ ಮಲಗ್ರಿ, ಸಿಪ್ಯಾಪ್ ಮಷೀನು ಹಾಕ್ಕೊಳ್ರಿ" ಎಂದರು ಡಾಕ್ಟರು. ತೂಕ ಇಳಿಸುವುದೆಂದರೆ ಸಂಜೆಯ ಒಗ್ಗರಣೆ-ಮಿರ್ಚಿಗೆ ವಿದಾಯ ಹೇಳಬೇಕು. ಅದಕ್ಕಿಂತ ಮಷೀನೇ ವಾಸಿ ಎನ್ನಿಸಿತು.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದಂತೆ. ಮಷೀನು ಕೋಣೆಯ ಗಾಳಿಯನ್ನೇ ಒತ್ತಿ ಒಳಗೆ ಕಳಿಸಿ ದಾರಿ ತೆರೆದಿಡುತ್ತದೆ. 1981ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದವರು ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್. ಮೊದಮೊದಲು ಅವರು ಬಳಸಿದ್ದು ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟರು, ಉಲ್ಟಾ ಊದುವಂತೆ ತಿರುಗಿಸಿದ್ದು.

ನನ್ನ ಮೀಸೆಗೂ ಮಾಸ್ಕಿಗೂ ಮೊದಲ ದಿನವೇ ಜಗಳ. ಮೀಸೆಯ ಸಂದಿಯಿಂದ ಗಾಳಿ ಪುಸ್ಸೆಂದು ನುಸುಳಿ ಕಣ್ಣಿಗೆ ಬಡಿಯುತ್ತಿತ್ತು. ಪಟ್ಟಿ ಬಿಗಿದರೆ ಬೆಳಿಗ್ಗೆ ಕೆನ್ನೆಯ ಮೇಲೆ ಗೆರೆ. ಮಾತಾಡಲು ಬಾಯಿ ತೆರೆದರೆ ಮೂಗಿಗೆ ಬಂದ ಗಾಳಿಯೆಲ್ಲ ಬಾಯಿಂದ ನುಗ್ಗಿ ಮಾತು ಬರೀ "ಫೂ" ಆಗುತ್ತದೆ. ರಾತ್ರಿ ಹತ್ತರ ಮೇಲೆ ನಮ್ಮ ಮನೆಯಲ್ಲಿ ಕೊನೆಯ ಮಾತು ಯಾರದೆಂಬ ಹಳೆಯ ವ್ಯಾಜ್ಯ ಹೀಗೆ ಇತ್ಯರ್ಥವಾಯಿತು.

ಬಳ್ಳಾರಿಯ ಒಣಗಾಳಿಗೆ ಮೂಗು ಒಣಗಬಾರದೆಂದು ಮಷೀನಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಅದು ಸಿಗುವುದು ಬ್ಯಾಟರಿ ಅಂಗಡಿಯಲ್ಲಿ.

"ಇನ್ವರ್ಟರಿಗೇನ್ರಿ, ಗಾಡಿಗೇನ್ರಿ?"

"ಮೂಗಿಗೆ" ಎಂದೆ. ಅಂಗಡಿಯವನು ಮುಂಗಡವಾಗಿಯೇ ದುಡ್ಡು ಇಸಿದುಕೊಂಡ.

ಬೇಸಿಗೆಯಲ್ಲಿ ಸಿರುಗುಪ್ಪದ ತಂಗಿಯ ಮನೆಗೆ ಹೋದೆ. 40 ಡಿಗ್ರಿಯ ಬಿಸಿಲಿಗೆ ಕಾದ ಮನೆಯೊಳಗೆ ಯಾರು ಮಲಗುತ್ತಾರೆ? ಎಲ್ಲರೂ ಮಾಳಿಗೆಗೆ. ಪಾಪ, ಅಳಿಯಂದಿರು ಅಡುಗೆಮನೆಯಿಂದ ಮೆಟ್ಟಿಲ ಮೇಲೆ ಹಾಯಿಸಿ ವೈರು ಎಳೆದುಕೊಟ್ಟರು. ನಡುರಾತ್ರಿ ಕರೆಂಟು ಹೋಯಿತು. ಮಷೀನು ನಿಂತು, ಉಸಿರು ಬಿಗಿದಂತಾಗಿ ಎದ್ದು ಕೂತೆ. ಮಾಸ್ಕು ಕಿತ್ತೆಸೆದು ಮತ್ತೆ ಮಲಗಿದವನ ಗೊರಕೆ ಭತ್ತದ ಗದ್ದೆ ದಾಟಿ ತುಂಗಭದ್ರೆಯವರೆಗೂ ಕೇಳಿಸಿತೆಂದು ತಂಗಿಯ ಮಗಳ ಸಾಕ್ಷ್ಯ.

ನಿಜವಾದ ಗೌರವ ಸಿಕ್ಕಿದ್ದು ಹೆಂಡತಿಯ ತವರು ಕುರುಗೋಡಿನಲ್ಲಿ. ದೊಡ್ಡಬಸವೇಶ್ವರನ ಜಾತ್ರೆ, ಪಡಸಾಲೆ ತುಂಬ ನೆಂಟರು. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮೂಲೆಯಲ್ಲಿ ಮಲಗಿದ ನನ್ನನ್ನು ಕಂಡ ಮುದುಕಿಯೊಬ್ಬಳು, "ಯವ್ವಾ, ಅಳಿಯಗೆ ಆಕ್ಸಿಜನ್ ಹಚ್ಯಾರ!" ಎಂದು ಬಾಯಿ ಬಡಿದುಕೊಂಡಳು. ಕೊರೊನಾ ಕಂಡ ಕಣ್ಣುಗಳು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಓಣಿಯೆಲ್ಲ ಸುದ್ದಿ. ಏಕಶಿಲೆಯ ಬಸವಣ್ಣನಿಗೆ ಕೈಮುಗಿಯಲು ಬಂದವರು ನನ್ನನ್ನೂ ನೋಡಿಕೊಂಡು ಹೋದರು. ಕೊನೆಗೂ ಮೂಸಂಬಿ ಬಂತು, ಅದೂ ಡಜನ್ನುಗಟ್ಟಲೆ. ಇದು ಆಕ್ಸಿಜನ್ನಲ್ಲ, ಈ ಪಡಸಾಲೆಯದೇ ಗಾಳಿ ಎಂಬ ಸತ್ಯವನ್ನು ಹಣ್ಣು ತಿಂದಾದ ಮೇಲೆ ಹೇಳಿದೆ.

ಈಗ ಮೀಸೆ ಸಣ್ಣದಾಗಿದೆ, ಹಗಲಿನ ತೂಕಡಿಕೆ ಹೋಗಿದೆ. ಮಿರ್ಚಿಯೊಂದಿಗೆ ಮಾತುಕತೆ ನಡೆದಿದೆ. ನಿಮ್ಮಲ್ಲಿ ಒಂದೇ ಅರಿಕೆ: ಮನೆಯಲ್ಲಿ ಯಾರದಾದರೂ ಗೊರಕೆ ನಡುವೆ ಗಪ್ಪನೆ ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾದರೆ, "ಸದ್ಯ, ನಿಂತಿತಲ್ಲ" ಎಂದು ಹೊದ್ದು ಮಲಗಬೇಡಿ. ಆಗ ಉಸಿರೂ ನಿಂತಿರುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿ. ನೆಂಟರ ಗ್ರೂಪಿಗೆ ಹಾಕದೆ ಡಾಕ್ಟರಿಗೆ ತೋರಿಸಿ.