ಮೀನಖಂಡಾವರಣ ಮೀಮಾಂಸೆ: ದುರ್ಗದ ಕುರುಚಲು ಕಾಡಿನ ಪರಿಪ್ರೇಕ್ಷ್ಯದಲ್ಲಿ ಒಂದು ಬಹುಶಿಸ್ತೀಯ ಅಧ್ಯಯನ

ಪೀಠಿಕೆ: ಮೊಣಕಾಲಿನ ಕೆಳಗೆ, ಪಾದರಕ್ಷೆಯ ಮೇಲೆ ಇರುವ ದೇಹಪ್ರದೇಶವನ್ನು ಕನ್ನಡ ಸಂಶೋಧನೆ ಇದುವರೆಗೂ ಅಂಚಿಗೆ ತಳ್ಳಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲೂಕುಗಳ ಗುಡ್ಡ ಹತ್ತುವ ಕಾಲಿಗೂ ಅಲ್ಲಿನ ವಿಷಸಸ್ಯಗಳಿಗೂ ನಡೆಯುವ ಅನುಸಂಧಾನವನ್ನು ಪ್ಯಾಂಟು ಎಂಬ ಪಠ್ಯದ ಮೂಲಕ ಮರುಓದುವುದು ಪ್ರಸ್ತುತ ಪ್ರಬಂಧದ ಆಶಯ. ('ಅನುಸಂಧಾನ' ಇಲ್ಲದ ಪ್ರಬಂಧವನ್ನು ವಿಚಾರ ಸಂಕಿರಣಗಳಲ್ಲಿ ಓದಲು ಬಿಡುವುದಿಲ್ಲ. ಊಟದ ಕೂಪನ್ನೂ ಸಿಗುವುದಿಲ್ಲ.)

ಅಧ್ಯಯನದ ಮಿತಿ: ಮಳೆ ತಡೆಯುವ ಪ್ಯಾಂಟನ್ನು ಇಲ್ಲಿ ಪರಿಗಣಿಸಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆದ್ದರಿಂದ ಅಂಥ ಪ್ಯಾಂಟು 89 ವರ್ಷಕ್ಕೊಮ್ಮೆ ಬೇಕಾಗುತ್ತದೆಂದು ಸಿದ್ಧಾಂತ ಮಾಡಲಾಗಿತ್ತು. 2025ರ ಜನವರಿಯಲ್ಲಿ ಕಟ್ಟೆ ಮತ್ತೆ ಕೋಡಿ ಬಿದ್ದು ಸಿದ್ಧಾಂತ ಕೊಚ್ಚಿಹೋಯಿತು.

ಸೈದ್ಧಾಂತಿಕ ಚೌಕಟ್ಟು: ಚಾರಣಿಗರ ಅಂಗಡಿಯಲ್ಲಿ ಈಗ 'ಉಸಿರಾಡುವ' ಪ್ಯಾಂಟು ಮಾರುತ್ತಾರೆ. ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳೇ ತಿರುಗುತ್ತಿರುವಾಗ ಪ್ಯಾಂಟಿನೊಳಗೆ ಮಾತ್ರ ಗಾಳಿ ಇಲ್ಲವೆಂಬುದು ಆಧುನಿಕ ಮನುಷ್ಯನ ಬಿಕ್ಕಟ್ಟು. ಗಾಳಿ ಬರಬೇಕೆಂದರೆ ನೇಯ್ಗೆಯಲ್ಲಿ ಸಂದು ಬೇಕು. ಸಂದಿದ್ದರೆ ಮುಳ್ಳೂ ಗಿಡದ ರೋಮವೂ ಅಲ್ಲಿಂದಲೇ ಬರುತ್ತವೆ. ಇದನ್ನು 'ರಂಧ್ರದ್ವಂದ್ವ' ಎಂದು ಕರೆಯೋಣ. ದಪ್ಪ ಜೀನ್ಸ್ ಹಾಕಿ ಏಪ್ರಿಲ್‌ನಲ್ಲಿ ಜೋಗಿಮಟ್ಟಿ ಹತ್ತಿದವರಿಗೆ ದ್ವಂದ್ವವಿಲ್ಲ, ಬೆವರುಸಾಲೆ ಮಾತ್ರ.

ವರ್ಗೀಕರಣ: ದುರ್ಗದ ಕೋಟೆಗೆ ಏಳು ಸುತ್ತು. ಆದಕಾರಣ ಸಸ್ಯಗಳಿಗೂ ಏಳು ಸುತ್ತು.

ಮೊದಲನೆಯದು ಅಂಟುಸುತ್ತು: ಉತ್ತರಾಣಿ, ನೆಗ್ಗಿಲು. ವಿಷವಿಲ್ಲ, ಬಿಡುವುದೂ ಇಲ್ಲ. ಎರಡನೆಯದು ಹಾಲುಸುತ್ತು: ಎಕ್ಕ, ಕಳ್ಳಿ. ಹಾಲು ಪ್ಯಾಂಟಿಗೆ ಸಿಡಿಯುತ್ತದೆ, ಪ್ಯಾಂಟು ಒರೆಸಿದ ಕೈ ಕಣ್ಣಿಗೆ ಹೋಗುತ್ತದೆ, ಆಮೇಲೆ ಆಸ್ಪತ್ರೆ.

ಮೂರನೆಯದು ತುರಿಕೆಸುತ್ತು, ಇದರ ಅಧಿಪತಿ ನಸುಗುನ್ನಿ. ಬಳ್ಳಿಯಲ್ಲಿ ಜೋತಾಡುವ ಬಾಗಿದ ಕಾಯಿಯ ಮೇಲೆ ಹೊಂಗಂದು ಬಣ್ಣದ ನವಿರು ರೋಮ, ನೋಡಿದರೆ ಸವರಬೇಕೆನಿಸುವ ಮಖಮಲ್ಲು. ಗಾಳಿಗೆ ಉದುರಿದ ರೋಮ ಚರ್ಮಕ್ಕೆ ಚುಚ್ಚಿಕೊಂಡರೆ ಕೆರೆದಷ್ಟೂ ಒಳಗಿಳಿಯುತ್ತದೆ. ಪ್ಯಾಂಟಿನ ತುದಿ ಮಡಿಚಿದ್ದರೆ ಮಡಿಕೆಯಲ್ಲಿ ಕೂತು ಮನೆಗೂ ಬರುತ್ತದೆ. ಆಗ ತುರಿಸಿಕೊಳ್ಳುವವರು ಬೆಟ್ಟ ಹತ್ತಿದವರಲ್ಲ, ಬಟ್ಟೆ ಒಗೆಯುವವರು.

ನಾಲ್ಕನೆಯದು ಗೇರುಸುತ್ತು. ಪ್ಯಾಂಟಿನ ಜೊತೆ ಬರುವ ಇಂಗ್ಲಿಷ್ ಚೀಟಿ 'ಪಾಯ್ಸನ್ ಐವಿ'ಯಿಂದ ರಕ್ಷಣೆ ಕೊಡುತ್ತದೆ. ಅಮೆರಿಕದ ಆ ಬಳ್ಳಿ ದುರ್ಗದಲ್ಲಿಲ್ಲ. ಆದರೆ ಅದರ ದಾಯಾದಿ ನಮ್ಮ ಒಣಕಾಡುಗಳ ಕರಿಗೇರು. ಮಾವು, ಗೋಡಂಬಿಯೂ ಅದೇ ಮನೆತನದವು. ಕರಿಗೇರಿನ ಕಾಯಿಯ ಕಪ್ಪು ರಸದಿಂದಲೇ ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಆ ಗುರುತಿನಿಂದಲೇ ಉಟ್ಟವರ ಮೈ ಗುಳ್ಳೆ ಏಳುವುದಿತ್ತು. ಗಿಡದಿಂದ ಕಾಯಬೇಕಾದ ಬಟ್ಟೆಯೇ ಗಿಡದ ವಿಷ ಹೊತ್ತು ತರುವ ಈ ವೈರುಧ್ಯದ ಮೇಲೆ ಇನ್ನೊಂದು ಪಿಎಚ್.ಡಿ. ಆಗಬಹುದು.

ಐದು, ಆರು, ಏಳನೆಯ ಸುತ್ತಿಗೆ ಗಿಡ ಸಾಲದು. ಸುತ್ತು ತುಂಬಲೆಂದು ಗಿಡ ಹುಟ್ಟಿಸುವ ಪರಂಪರೆ ನಮ್ಮಲ್ಲಿದೆ, ನನಗೆ ಬೇಸರ ಬಂದಿದೆ. ಯಾಕೆಂದರೆ ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವ ಗಿಡಕ್ಕಾಗಿ ಕೋಟೆಯ ಒಳಗೂ ಹೋಗಬೇಕಿಲ್ಲ, ಬೆಟ್ಟವನ್ನೂ ಹತ್ತಬೇಕಿಲ್ಲ. ಅದು ಬಸ್‌ ಸ್ಟ್ಯಾಂಡಿನ ಹಿಂದೆ, ಶಾಲೆಯ ಕಾಂಪೌಂಡಿನಲ್ಲಿ, ಬೀಳು ಹೊಲದಲ್ಲಿ ಬಿಳಿ ಹೂ ಬಿಟ್ಟು ನಿಂತಿದೆ: ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಅದಕ್ಕೆ ಪ್ಯಾಂಟಿನ ಹಂಗಿಲ್ಲ. ಒಣಗಿದ ಚೂರು ಗಾಳಿಯಲ್ಲಿ ಬಂದು ಕಣ್ಣೆವೆ, ಕತ್ತು, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ. ಒಮ್ಮೆ ಮೈಗೆ ಒಗ್ಗದಾದರೆ ಹಲವರಿಗೆ ವರ್ಷಗಟ್ಟಲೆ ತುರಿಕೆ ಬಿಡದು. ಕರ್ನಾಟಕ ಸರ್ಕಾರ ಇದನ್ನು ಕೃಷಿಪೀಡೆಯೆಂದು ಘೋಷಿಸಿದ್ದು 1975ರಲ್ಲಿ. ಇದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟಿದ್ದು 1984ರಲ್ಲಿ. ಜೀರುಂಡೆ ತನ್ನ ಕೈಲಾದಷ್ಟು ತಿಂದಿದೆ. ನಾವು?

ನಾವು ಶ್ರಮದಾನ ಮಾಡಿಸುತ್ತೇವೆ. ಚಡ್ಡಿ ಹಾಕಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬರಿಗೈಯಲ್ಲಿ ಕೀಳಿಸುತ್ತೇವೆ. ಕೂಲಿಗೆ ಬಂದ ಹೆಂಗಸರ ಕೈಗೂ ಏನೂ ಕೊಡುವುದಿಲ್ಲ. ಕುರಿ ಹಿಂದೆ ದಿನವೆಲ್ಲ ಕುರುಚಲು ತುಳಿಯುವವನ ಕಾಲಿಗೆ ಟೈರಿನ ಚಪ್ಪಲಿ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಪಂಚೆ. ಭಾನುವಾರ ಎರಡು ಗಂಟೆ ಬೆಟ್ಟ ಹತ್ತುವವನ ಮೀನಖಂಡಕ್ಕೆ ಮಾತ್ರ ಸಾವಿರಾರು ರೂಪಾಯಿಯ ಪ್ಯಾಂಟು, ಅದರ ಮೇಲೆ ನನ್ನಂಥವರ ಪ್ರಬಂಧ.

ಚಾರಣಿಗರಿಗೆ ಬೇಕಾದ್ದು ಇಷ್ಟೇ: ಒತ್ತಾಗಿ ನೇಯ್ದ ತೆಳು ಬಟ್ಟೆ, ದೊಗಳೆ ಹೊಲಿಗೆ, ಕಾಲ್ಚೀಲದೊಳಗೆ ಸಿಕ್ಕಿಸಿದ ತುದಿ. ಗಾಳಿ ಸಂದಿನಿಂದಲ್ಲ, ಸಡಿಲದಿಂದ ಆಡಲಿ. ಮನೆಗೆ ಬಂದ ಮೇಲೆ ಪ್ಯಾಂಟನ್ನು ಬೇರೆ ಬಟ್ಟೆಗೆ ಸೇರಿಸದೆ ಸೋಪು ಹಾಕಿ ಒಗೆಯಿರಿ, ನೀವೇ ಒಗೆಯಿರಿ.

ಉಳಿದದ್ದು ಅಧಿಕಾರಿಗಳಿಗೆ, ಮುಖ್ಯೋಪಾಧ್ಯಾಯರಿಗೆ. ಪಾರ್ಥೇನಿಯಂ ಜಾಗೃತಿ ಸಪ್ತಾಹ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಬರುತ್ತದೆ. ಈ ಸಲ ಬ್ಯಾನರಿನ ದುಡ್ಡಿನಲ್ಲಿ ರಬ್ಬರ್ ಕೈಗವಸು ತನ್ನಿ. ಗಿಡ ಹೂ ಬಿಡುವ ಮೊದಲೇ ಕೀಳಿಸಿ, ದೊಡ್ಡವರಿಂದ ಕೀಳಿಸಿ. ಮಕ್ಕಳನ್ನು ತರಗತಿಗೆ ಕಳಿಸಿ.