ಜಾವಾ ಪಾಠಪರಿಷ್ಕರಣ: ನಲ್ಲೂರು ಪರಂಪರೆಯನ್ನು ಕುರಿತು ಒಂದು ವಿವೇಚನೆ

ಹಳೆಯ ಮೋಟಾರ್‌ಸೈಕಲ್ಲನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವ ಕಾರ್ಯವನ್ನು ಇದುವರೆಗೆ ಮೆಕ್ಯಾನಿಕ್ ಕೆಲಸವೆಂದು ತಪ್ಪಾಗಿ ವರ್ಗೀಕರಿಸಲಾಗಿದ್ದು, ವಸ್ತುತಃ ಅದು ಗ್ರಂಥಸಂಪಾದನ ಶಾಸ್ತ್ರದ ಒಂದು ಶಾಖೆಯೆಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಲಿಪಿಕಾರರ ಕೈಯಿಂದ ಕೈಗೆ ಸಾಗಿ ಕೆಟ್ಟುಹೋದ ಹಸ್ತಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಕವಿ ಬರೆದಿರಬಹುದಾದ ಮೂಲಪಾಠವನ್ನು ನಿರ್ಣಯಿಸುವ ವಿದ್ಯೆಗೆ ಗ್ರಂಥಸಂಪಾದನೆಯೆಂದು ಹೆಸರು. ಈ ವಿದ್ಯೆಗೂ ಇಲ್ಲಿ ಪರಿಶೀಲಿಸಲಿರುವ ವಾಹನಕ್ಕೂ ತವರು ಒಂದೇ ಎಂಬುದನ್ನು ಪೂರ್ವಸೂರಿಗಳು ಗಮನಿಸದೆ ಬಿಟ್ಟಿರುವುದು ಆಶ್ಚರ್ಯಕರ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಮೈಸೂರಿನಲ್ಲೇ, ಡಿ.ಎಲ್. ನರಸಿಂಹಾಚಾರ್ ಅವರು ಪಾಠಾಂತರಗಳ ಕುರಿತು ಪಾಠ ಹೇಳಿದ ಮೈಸೂರಿನಲ್ಲೇ, ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಎಂಬವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಅದರ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1961ರಿಂದ 250 ಸಿ.ಸಿ. ಜಾವಾ ಗಾಡಿಗಳು ಅಲ್ಲಿಂದ ಹೊರಬರತೊಡಗಿದವು.

ಕೃತಿಯ ಪರಂಪರೆಯನ್ನು ಹೀಗೆ ಸಂಗ್ರಹಿಸಬಹುದು. ಫ್ರಾಂಟಿಶೆಕ್ ಯಾನೆಚೆಕ್ ಎಂಬವನು ಚೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಆರಂಭಿಸಿದ ಜಾವಾ ಆಕರ. ಮೈಸೂರಿನ ಜಾವಾ ಅದರ ಅನುವಾದ. 1973ರಲ್ಲಿ ಹೆಸರು ಬದಲಿಸಿಕೊಂಡ ಯೆಜ್ಡಿ ಆ ಅನುವಾದದ ಮೇಲಿನ ದೇಶೀ ವ್ಯಾಖ್ಯಾನ. ಕಾರ್ಖಾನೆ 1996ರಲ್ಲಿ ಮುಚ್ಚಿದ್ದರಿಂದ ಹೊಸ ಪ್ರತಿಗಳು ನಿಂತುಹೋಗಿ, ಇದ್ದ ಪ್ರತಿಗಳು ಕೊಟ್ಟಿಗೆ, ಅಟ್ಟದಡಿ, ಹುಲ್ಲಿನ ಮೆದೆಯ ಮರೆ ಮುಂತಾದ ಖಾಸಗಿ ಭಂಡಾರಗಳನ್ನು ಸೇರಿದವು.

ಅಂಥ ಭಂಡಾರಗಳಿಗೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರನ್ನು ನಿದರ್ಶನವಾಗಿ ಆರಿಸಿಕೊಳ್ಳಲು ಶಾಸ್ತ್ರೀಯ ಕಾರಣವಿದೆ. ಸುಮಾರು 54 ಎಕರೆ ವಿಸ್ತಾರದ ಇಲ್ಲಿನ ಹುಣಸೆ ತೋಪು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಗಿದ್ದು, ಅದರ ಮರಗಳನ್ನು ಜನ ಚೋಳರ ಕಾಲದವೆಂದು ಹೇಳುತ್ತಾರೆ. ಬೊಡ್ಡೆ ಪೊಳ್ಳಾಗಿ, ಸೀಳಿ, ವಾಲಿದ ಮರವನ್ನೂ ಅದೇ ಮರವೆಂದು ಒಪ್ಪುವ ಊರಿನಲ್ಲಿ, ಎಂಜಿನ್ ಒಂದು ಗಾಡಿಯದು, ಟ್ಯಾಂಕು ಇನ್ನೊಂದರದು, ಸೀಟು ಮತ್ತೊಂದರದಾಗಿರುವ ಜಾವಾವನ್ನು ತಾತನ ಕಾಲದ ಅದೇ ಜಾವಾ ಎಂದು ಸಾಧಿಸುವುದಕ್ಕೆ ತಾತ್ತ್ವಿಕ ಅಡ್ಡಿಯೇನೂ ಉಂಟಾಗದು. ಮರಗಳಿಗೆ ಸರ್ಕಾರದ ರಕ್ಷಣೆಯಿದೆ, ಜಾವಾಕ್ಕೆ ಕೋಳಿಗಳ ರಕ್ಷಣೆ ಮಾತ್ರ ಇದೆ ಎಂಬುದೊಂದೇ ವ್ಯತ್ಯಾಸ.

ಕೃತಿಯ ಅಲಂಕಾರಗಳನ್ನು ಅರಿಯದವನು ಅದರ ಸಂಪಾದನೆಗೆ ಕೈಹಾಕಬಾರದು. ಜಾವಾದ್ದು ಟೂ ಸ್ಟ್ರೋಕ್, ಅಂದರೆ ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವ ಎರಡೇ ಚಲನೆಗಳಲ್ಲಿ ಹೀರುವುದು, ಒತ್ತುವುದು, ಉರಿಸುವುದು, ಉಗುಳುವುದು ಎಂಬ ನಾಲ್ಕೂ ಕಾರ್ಯಗಳನ್ನು ಮುಗಿಸುವ ಎಂಜಿನ್. ಇದರಲ್ಲಿ ಪ್ರತ್ಯೇಕ ವಾಲ್ವುಗಳಿಲ್ಲದೆ, ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳೆಂಬ ಕಿಂಡಿಗಳನ್ನು ಪಿಸ್ಟನ್ ತಾನೇ ಹಾದುಹೋಗುತ್ತ ತೆರೆದು ಮುಚ್ಚುತ್ತದೆ. ಇದು ಸಮಾಸಶೈಲಿ. ಒಂದೇ ಸಿಲಿಂಡರಿಗೆ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್ ಇಟ್ಟಿರುವುದನ್ನು ಪುನರುಕ್ತಿದೋಷವೆಂದು ಆಕ್ಷೇಪಿಸುವವರುಂಟಾದರೂ ರಸಿಕರು ಅದನ್ನು ಗುಣವೆಂದೇ ಎಣಿಸಿದ್ದಾರೆ. ಕೃತಿಯ ಶಿಖರವೆಂದರೆ ಎಡಬದಿಯ ಸನ್ನೆ: ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕು, ಮುಂದಕ್ಕೆ ಮಲಗಿಸಿದರೆ ಅದೇ ಗೇರು, ಒಂದೇ ಶಬ್ದದಿಂದ ಎರಡು ಅರ್ಥ ಹೊರಡಿಸುವ ಶ್ಲೇಷಾಲಂಕಾರಕ್ಕೆ ಕಬ್ಬಿಣದಲ್ಲಿ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯುವುದು ಕಷ್ಟ. ಇನ್ನು, ಕಿಡಿ ಹಾರುವ ಸಮಯ ತಪ್ಪಿದ್ದು ಒದೆತ ಅರ್ಧಕ್ಕೆ ನಿಂತಾಗ ಪಿಸ್ಟನ್ ಹಿಮ್ಮೆಟ್ಟಿದರೆ, ಪೋರ್ಟುಗಳು ತೆರೆದು ಮುಚ್ಚುವ ಕ್ರಮ ಎರಡು ದಿಕ್ಕಿಗೂ ಸಮವಾಗಿರುವುದರಿಂದ, ಎಂಜಿನ್ ಉಲ್ಟಾ ತಿರುಗಿಯೂ ನಿರಾತಂಕವಾಗಿ ಓಡುತ್ತದೆ. ಮೊದಲಿನಿಂದ ಓದಿದರೂ ಕೊನೆಯಿಂದ ಓದಿದರೂ ನಡೆಯುವ ಪದ್ಯಕ್ಕೆ ಚಿತ್ರಕಾವ್ಯದಲ್ಲಿ ಗತಪ್ರತ್ಯಾಗತವೆಂದು ಹೆಸರಿದೆ. ಈ ಭೇದವನ್ನು ಗುರುತಿಸದೆ ಮೊದಲನೆಯ ಗೇರಿಗೆ ಹಾಕಿದ ಸಂಪಾದಕನು ರಸ್ತೆಯ ಕಡೆಗೆ ಹೋಗುವುದರ ಬದಲು ತಿಪ್ಪೆಯ ಕಡೆಗೆ ಹೋಗುತ್ತಾನೆ.

ಸಂಪಾದಕನ ಮೊದಲ ಶತ್ರು ಪ್ರಕ್ಷಿಪ್ತ, ಅಂದರೆ ಕವಿಯದಲ್ಲದೆ ಅನಂತರದವರು ನಡುವೆ ತುರುಕಿದ ಭಾಗ. ಲಾರಿಯ ಹಾರ್ನು, ಬುಲೆಟ್ಟಿನ ಹ್ಯಾಂಡಲ್ಲು, ಹುಲಿಚರ್ಮದ ಚಿತ್ರವುಳ್ಳ ರೆಕ್ಸಿನ್ ಸೀಟ್‌ಕವರು, 6 ವೋಲ್ಟಿನ ಮಂದಪ್ರಕಾಶಕ್ಕೆ ಬೇಸತ್ತ ಯಾರೋ ಸೇರಿಸಿದ 12 ವೋಲ್ಟಿನ ಬ್ಯಾಟರಿ, ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಬೋರ್ಡು ಬರೆಯುವವನು ಹಳದಿ ಬಣ್ಣದಲ್ಲಿ ಬರೆದ ‘ತಾಯಿಯ ಆಶೀರ್ವಾದ’ವನ್ನು ಮಾತ್ರ ಅಳಿಸಕೂಡದು, ಏಕೆಂದರೆ ಅದು ಲಿಪಿಕಾರನು ಪ್ರತಿಯ ಕೊನೆಯಲ್ಲಿ ತನ್ನ ವಿಚಾರ ಹೇಳಿಕೊಳ್ಳುವ ಪುಷ್ಪಿಕೆಯ ಸ್ಥಾನದಲ್ಲಿದೆ. ಬಣ್ಣದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನೀರು ಚಿಮುಕಿಸಿ ಎಮರಿ ಕಾಗದದಿಂದ ಉಜ್ಜುತ್ತ ಹೋದರೆ ಸಿಲ್ವರಿನ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಮರೂನು ಸಿಗುವುದರಿಂದ, ಬಹುಮಂದಿ ಮರೂನಿನಲ್ಲಿ ಕೈನಿಲ್ಲಿಸಿ ಮೂಲಪಾಠ ದೊರೆಯಿತೆಂದು ಘೋಷಿಸುತ್ತಾರೆ. ಆದರೆ ಉಗ್ರವಾದಿಗಳ ಪಂಗಡವೊಂದು ಇನ್ನೂ ಉಜ್ಜಿ, ಅದರಡಿಯ ರೆಡ್ ಆಕ್ಸೈಡನ್ನೇ ಕವಿಯ ಆದ್ಯ ಅಭಿಪ್ರಾಯವೆಂದು ವಾದಿಸುತ್ತದೆ.

ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಪ್ರಾಚೀನವೆಂಬುದು ಸಂಪಾದನೆಯ ಪ್ರಸಿದ್ಧ ಸೂತ್ರ, ಏಕೆಂದರೆ ಲಿಪಿಕಾರನು ಕಷ್ಟವನ್ನು ಸುಲಭ ಮಾಡಿಯಾನೇ ಹೊರತು ಸುಲಭವನ್ನು ಕಷ್ಟ ಮಾಡಲಾರ. ನಲ್ಲೂರು ಪರಂಪರೆಯಲ್ಲಿ ಈ ಸೂತ್ರದ ಅನ್ವಯ ನಿಸ್ಸಂದಿಗ್ಧವಾಗಿದೆ: ಸಲೀಸಾಗಿ ಬಿಚ್ಚಿಕೊಳ್ಳುವ ನಟ್ಟು ಪ್ರಕ್ಷಿಪ್ತ, ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿದರೂ ಸ್ಪ್ಯಾನರನ್ನೇ ತಿರುಚುವ ನಟ್ಟು ಮೂಲ. ದೊರೆಯದೆಹೋದ ಬಿಡಿಭಾಗ ಗ್ರಂಥಪಾತವೆನಿಸಿಕೊಳ್ಳುತ್ತದೆ, ಅದನ್ನು ದೇವನಹಳ್ಳಿಯ ಲೇತಿನಲ್ಲಿ ಕಡೆಸಿ ಹಾಕಿದರೆ ಊಹಾಪಾಠ. ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿಗಳಲ್ಲಿ ಪ್ರತ್ಯಂತರಗಳು ಇನ್ನೂ ಇವೆಯಾದರೂ, ಭಂಡಾರಿಗಳು ಅವನ್ನು ಅಪರಿಚಿತರಿಗೆ ತೋರಿಸಲು ಹಿಂಜರಿಯುವುದು ಈ ಕ್ಷೇತ್ರದಲ್ಲೂ ಇರುವ ತೊಡಕಾಗಿದ್ದು, ‘ಜಾವಾಕ್ಕೆ’ ಎಂದು ಬಾಯಿಬಿಟ್ಟ ಕ್ಷಣದಲ್ಲೇ ತುಕ್ಕು ಹಿಡಿದ ವಸ್ತುವಿಗೆ ಪಾರಂಪರಿಕ ಬೆಲೆ ಬಂದುಬಿಡುತ್ತದೆ.

ಸಿಲಿಂಡರಿನ ಪ್ರಕರಣ ಇನ್ನಷ್ಟು ಸೂಕ್ಷ್ಮ. 65 ಮಿ.ಮೀ. ವ್ಯಾಸ, 75 ಮಿ.ಮೀ. ಚಲನೆಯ ಈ ಎಂಜಿನ್ನಿನ ಗಾತ್ರ ಸುಮಾರು 249 ಸಿ.ಸಿ.; ಸವೆದ ಸಿಲಿಂಡರನ್ನು ಒಳಗಿನಿಂದ ಕೆತ್ತಿ ನುಣುಪು ಮಾಡಿ ದೊಡ್ಡ ಪಿಸ್ಟನ್ ಹಾಕುವುದಕ್ಕೆ ಬೋರಿಂಗ್ ಎನ್ನುತ್ತಾರೆ. ಹೀಗೆ ಕೆತ್ತಿಸಿ ಕೆತ್ತಿಸಿ ವ್ಯಾಸವು 66 ಮಿ.ಮೀ.ಗೆ ಬಂದಾಗ ಗಾತ್ರ 256ನ್ನು ದಾಟುವುದರಿಂದ, ಪ್ರತಿ ಪರಿಷ್ಕರಣದಲ್ಲೂ ಗ್ರಂಥ ಬೆಳೆಯುತ್ತದೆಂಬ, ಮಹಾಭಾರತದ ಬಗ್ಗೆ ವಿದ್ವಾಂಸರು ಹೇಳುವ ಮಾತು ಇಲ್ಲಿ ಅಳತೆಗೋಲಿನಿಂದಲೇ ಸಿದ್ಧವಾಗುತ್ತದೆ. ಬೋರಿಂಗನ್ನೂ, ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕನ್ನು ಬಿಡಿಸಿ ಒತ್ತುವುದನ್ನೂ ಮನೆಯಲ್ಲಿ ಮಾಡಲಾಗದು. ‘ಎಲ್ಲವನ್ನೂ ಮನೆಯಲ್ಲೇ ಮಾಡಿದ್ದು’ ಎಂಬ ಹೇಳಿಕೆಯನ್ನು ಕವಿಸಮಯವೆಂದು ತಿಳಿಯಬೇಕು.

ಮನೆಯಲ್ಲಿ ಮಾಡಬಹುದಾದದ್ದು ಟ್ಯಾಂಕಿನ ಶುದ್ಧಿ. ನಟ್ಟು ಬೋಲ್ಟು ತುಂಬಿ ಕುಲುಕಿ ಒಳಗಿನ ತುಕ್ಕನ್ನು ಸಡಿಲಿಸಿದ ಮೇಲೆ, ಹುಣಸೆಯ ಹುಳಿನೀರನ್ನು ತುಂಬಿ ಬಿಟ್ಟರೆ, ಹಬ್ಬದ ಮುನ್ನಾದಿನ ಹಿತ್ತಾಳೆಯ ಪಾತ್ರೆಗೆ ಹೊಳಪು ಕೊಡುವ ಅದೇ ಟಾರ್ಟಾರಿಕ್ ಆಮ್ಲ ಉಳಿದ ತುಕ್ಕನ್ನು ನಿಧಾನವಾಗಿ ಕರಗಿಸುತ್ತದೆ. ಬಳಿಕ ಅಡುಗೆಸೋಡದ ನೀರಿನಿಂದ ತೊಳೆದು ಕೂಡಲೇ ಒಣಗಿಸದಿದ್ದರೆ ಮರುದಿನವೇ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ. ಕಾರ್ಬುರೇಟರಿನ ಜೆಟ್ಟು, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು, ಅದೇ ಹುಳಿನೀರಿನಲ್ಲಿ ಶುದ್ಧಿಯಾಗುತ್ತದೆ. ಹುಣಸೆಯು ತೋಪಿನದಲ್ಲ, ಅಡುಗೆಮನೆಯ ಜಾಡಿಯದು ಎಂಬುದನ್ನು ಇಲ್ಲಿ ದಾಖಲಿಸುವುದು ಅಗತ್ಯ. ವರ್ಷಕ್ಕಾಗುವಷ್ಟು ಹುಣಸೆ ಒಂದೇ ರಾತ್ರಿಯಲ್ಲಿ ಟ್ಯಾಂಕಿಗಿಳಿದದ್ದನ್ನು ಕಂಡ ಮನೆಯಾಕೆಯ ಪ್ರತಿಕ್ರಿಯೆಗಳು ಇನ್ನೂ ಮೌಖಿಕ ಪರಂಪರೆಯಲ್ಲೇ ಇದ್ದು, ಅವನ್ನು ಲಿಪಿಗಿಳಿಸುವ ಧೈರ್ಯವನ್ನು ಯಾವ ಸಂಶೋಧಕನೂ ತೋರಿಲ್ಲ.

ಎಣ್ಣೆಯ ಪ್ರಶ್ನೆ ಪರಂಪರೆಯನ್ನು ಮೂರು ಮತಗಳಾಗಿ ಒಡೆದಿದೆ. ಪೆಟ್ರೋಲ್ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಯನ್ನು ಹಾದು ಮೇಲೇರುವುದರಿಂದ ಅಲ್ಲಿ ಪ್ರತ್ಯೇಕ ಎಣ್ಣೆ ನಿಲ್ಲುವಂತಿಲ್ಲ. ಆದುದರಿಂದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸಬೇಕಾಗುತ್ತದೆ. ಲೀಟರಿಗೆ 50 ಮಿ.ಲೀ. ಎನ್ನುವವರು ದ್ವೈತಿಗಳಂತೆ ಕಟ್ಟುನಿಟ್ಟು. 40 ಸಾಕೆನ್ನುವವರು ಸೌಮ್ಯರು. ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಹಾಕುವವರದು ಅನುಭಾವ ಮಾರ್ಗ. ಹೆಚ್ಚಾದರೆ ನೀಲಿ ಹೊಗೆಯೆದ್ದು ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತದೆ, ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಜಗುಲಿಯ ಮೇಲೆ ಕುಳಿತ ವ್ಯಾಖ್ಯಾನಕಾರರು ಹೊಗೆಯ ಬಣ್ಣ ನೋಡಿಯೇ ‘ಎಣ್ಣೆ ಜಾಸ್ತಿಯಾಯ್ತು ಕಣಪ್ಪ’ ಎಂದು ಮತನಿರ್ಣಯ ಮಾಡುತ್ತಾರೆ.

ಕೊನೆಯದಾಗಿ ಶಾಸನಪ್ರಮಾಣ. ಕೇಂದ್ರ ಸರ್ಕಾರವು 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಗೆ ಒಳಗಾಗದ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಇಲ್ಲಿಯೇ ಮೀಮಾಂಸೆಗೆ ಎಡೆಯಿದೆ: ಕೊಟ್ಟಿಗೆಯಲ್ಲಿ ಯಾರೂ ಮುಟ್ಟದೆ ಕೊಳೆಯುತ್ತಿರುವ ಪ್ರತಿ ಈ ಲಕ್ಷಣಕ್ಕೆ ಸಂಪೂರ್ಣ ಹೊಂದುತ್ತದೆ, ಆದರೆ ಓಡುವುದಿಲ್ಲ, ಸಂಪಾದಿತ ಪ್ರತಿ ಓಡುತ್ತದೆ, ಆದರೆ ಲಕ್ಷಣಕ್ಕೆ ಹೊಂದುತ್ತದೆಂದು ಅಧಿಕಾರಿಯ ಮುಂದೆ ಸಾಧಿಸಬೇಕು. ಸಾಧಿಸಿ, ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿ, ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ಪಡೆದವನು ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವಿಕೆ, ದುರಸ್ತಿ ಇಂಥವುಗಳಿಗಷ್ಟೇ ರಸ್ತೆಗಿಳಿಸಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಡೈರಿಗೆ ಹಾಲು ಹಾಕಿಬರುವುದನ್ನು ತಾಂತ್ರಿಕ ಸಂಶೋಧನೆಯಲ್ಲಿ ಸೇರಿಸಬಹುದೇ ಎಂಬ ಚರ್ಚೆ ಇತ್ಯರ್ಥವಾಗದಿರುವುದರಿಂದ, ಸಂಪಾದಕರು ಹಾಲಿನ ಕ್ಯಾನಿಗಾಗಿ ಹಳೆಯ ಟಿವಿಎಸ್ ಎಕ್ಸ್‌ಎಲ್ ಒಂದನ್ನು ಇಟ್ಟುಕೊಂಡಿರುತ್ತಾರೆ. ಅದೂ ಟೂ ಸ್ಟ್ರೋಕೇ ಆಗಿದ್ದರೂ, ದಿನವೂ ಸ್ಟಾರ್ಟ್ ಆಗುವ ದೋಷವುಳ್ಳದ್ದಾದ್ದರಿಂದ ಯಾವ ವಿದ್ವಾಂಸನೂ ಇದುವರೆಗೆ ಅದನ್ನು ಗ್ರಂಥವೆಂದು ಪರಿಗಣಿಸಿಲ್ಲ.