ಸರ್ವರ್ ಡೌನ್ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತಾವನೆ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಪ್ರಮಾಣಗಳು ಈ ನಾಲ್ಕೇ ಎಂದರು ನೈಯಾಯಿಕರು. ಐದನೆಯದಾದ ಓಟಿಪಿ ಅವರ ಕಾಲಕ್ಕೆ ಇನ್ನೂ ಅವತರಿಸಿರಲಿಲ್ಲ. ಹಾಗಾಗಿ ಕೌಂಟರಿನ ಮುಂದೆ ಉಸಿರಾಡುತ್ತ ನಿಂತವನನ್ನು ಕಣ್ಣಾರೆ ಕಂಡರೆ ಅವನು ಇದ್ದಾನೆಂದು ಒಪ್ಪಬಹುದೆಂಬ ಅಪಕ್ವ ನಿಲುವಿಗೆ ಅವರು ಅಂಟಿಕೊಂಡಿದ್ದರು. ಆಧುನಿಕ ಪ್ರಭುತ್ವ ಈ ಭ್ರಮೆಯನ್ನು ಹರಿದಿದೆ. ನ್ಯಾಯಬೆಲೆ ಅಂಗಡಿಯವನು ಅದೇ ಕೇರಿಯವನಾಗಿ, ಎದುರಿಗಿರುವ ಅಜ್ಜಿಯನ್ನು ತಾನು ಹುಟ್ಟಿದಾಗಿನಿಂದ ಬಲ್ಲವನಾಗಿದ್ದರೂ, ಯಂತ್ರ ಹೂಂಗುಟ್ಟುವ ತನಕ ಆಕೆಯ ಅಸ್ತಿತ್ವ ಬರಿಯ ಪೂರ್ವಪಕ್ಷ.

ಪ್ರಸ್ತುತ ಪ್ರಬಂಧವು ಪ್ರಭುತ್ವ, ತಂತ್ರಜ್ಞಾನ ಹಾಗೂ ಕಾನೂನುಗಳೆಂಬ ತ್ರಿವಿಧ ಸಂಕಥನಗಳ ಮುಖಾಮುಖಿಯಲ್ಲಿ ಪ್ರಜೆಯ ಪಲ್ಲಟಗೊಂಡ ಚಹರೆಗಳನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದ ತಾತ್ವಿಕ ನೆಲೆಗಟ್ಟಿನ ಆಯಾಮಗಳೊಂದಿಗೆ ಅನುಸಂಧಾನಗೊಳಿಸುವ ಕಿರುಪ್ರಯತ್ನವಾಗಿದೆ. ಈ ವಾಕ್ಯಕ್ಕೆ ಅರ್ಥವಿಲ್ಲ. ಆದರೆ ಇಂಥದೊಂದು ವಾಕ್ಯವಿಲ್ಲದೆ ಪ್ರಬಂಧ ಮಂಡಿಸಿದವರಿಗೆ ವಿಚಾರ ಸಂಕಿರಣಗಳಲ್ಲಿ ಊಟದ ಕೂಪನ್ ಸಿಗುವುದು ಕಷ್ಟ.

ಸರ್ವರ್ ಡೌನ್ ಎಂಬ ಸ್ಥಿತಿ ಏಳು ವಿಧ. ನಿತ್ಯವೆಂಬುದು ನಾಡಕಚೇರಿಯಲ್ಲಿ ಸದಾ ನೆಲೆಸಿರುವುದು. ಮಾಸಾಂತಿಕವೆಂಬುದು ರೇಷನ್ ಕೊಡುವ ಕೊನೆಯ ದಿನಗಳಲ್ಲಿ ತೋರುವುದು. ಮಾಧ್ಯಾಹ್ನಿಕವೆಂಬುದು ಊಟದ ಹೊತ್ತಿಗೆ ಬಂದು ಕಾಫಿಯ ಹೊತ್ತಿನವರೆಗೂ ನಿಲ್ಲುವುದು. ಆರೋಪಿತವೆಂಬುದು ಸರ್ವರ್ ನೆಟ್ಟಗಿದ್ದೂ ಗುಮಾಸ್ತರ ಮುಖದಲ್ಲಿ ಮಾತ್ರ ಕಾಣುವುದು. ಐದನೆಯದು ರಾಜಕೀಯ. 2023ರ ಜೂನ್‌ನಲ್ಲಿ ಗ್ಯಾರಂಟಿ ಯೋಜನೆಗಳ ಅರ್ಜಿ ಹಾಕುವವರ ಸಾಲು ಬೆಳೆದು ಸರ್ವರ್ ಕುಂಟತೊಡಗಿದಾಗ, ಅದನ್ನು ಕೇಂದ್ರ ಸರ್ಕಾರವೇ ಹ್ಯಾಕ್ ಮಾಡಿದೆ ಎಂದು ಸಚಿವ ಸತೀಶ ಜಾರಕಿಹೊಳಿ ಆರೋಪಿಸಿದರು. ಆರು ಮತ್ತು ಏಳನೆಯ ವಿಧಗಳನ್ನು ಮುಂದೆ ಯಥಾವಕಾಶ ನಿರೂಪಿಸಲಾಗುವುದು.

ಅಧ್ಯಾಯ 1: ಕಡ್ಡಾಯ ಐಚ್ಛಿಕತಾವಾದ

ದ್ವೈತ, ಅದ್ವೈತ, ವಿಶಿಷ್ಟಾದ್ವೈತಗಳ ತರುವಾಯ ಈ ನೆಲದಲ್ಲಿ ಹುಟ್ಟಿದ ಮಹತ್ವದ ದರ್ಶನವಿದು. ಇದರ ಮೂಲಸ್ಥಾನ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಟೆಂಭಲಿ ಗ್ರಾಮ. 2010ರ ಸೆಪ್ಟೆಂಬರ್ 29ರಂದು ಮೊದಲ ಆಧಾರ್ ಸಂಖ್ಯೆಗಳನ್ನು ಕೊಟ್ಟದ್ದು ಅಲ್ಲಿ. ಬೇಕಾದವರು ಪಡೆಯಬಹುದು ಎಂಬುದು ಅಂದಿನ ಮಾತು. ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು ಎಂದು ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್‌ನಲ್ಲೇ ಮಧ್ಯಂತರ ಆದೇಶ ಕೊಟ್ಟಿತು. 2016ರಲ್ಲಿ ಬಂದ ಕಾಯ್ದೆಯೂ ಆಧಾರ್ ಪಡೆಯುವುದು ನಿವಾಸಿಯ ಹಕ್ಕು ಎಂದೇ ಸಾರಿತು. ಅದರ ಜೊತೆಗೇ, ಸರ್ಕಾರದ ಖಜಾನೆಯಿಂದ ಅಕ್ಕಿ ಅಥವಾ ಕಾಸು ಬರಬೇಕಿದ್ದರೆ ಆ ಹಕ್ಕನ್ನು ಚಲಾಯಿಸಲೇಬೇಕೆಂದಿತು. ಮಸೂದೆಯನ್ನು ಧನ ವಿಧೇಯಕವೆಂದು ಕರೆದದ್ದರಿಂದ ರಾಜ್ಯಸಭೆಯ ತಿದ್ದುಪಡಿಗಳನ್ನು ಕೇಳಿಸಿಕೊಂಡು ಬದಿಗಿಡಲು ಅನುಕೂಲವಾಯಿತು.

ಈ ದರ್ಶನಕ್ಕೆ ಪ್ರತಿವಾದ ಹೂಡಿದವರು ಕರ್ನಾಟಕದವರು. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತೈದು ದಾಟಿತ್ತು. ಖಾಸಗಿತನವೆಂಬ ಮೂಲಭೂತ ಹಕ್ಕೇ ಸಂವಿಧಾನದಲ್ಲಿಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಇದೆ ಎಂದರು. ಮರುವರ್ಷ ಸೆಪ್ಟೆಂಬರ್ 26ರಂದು ಐವರ ಪೀಠದಲ್ಲಿ ನಾಲ್ವರು ಆಧಾರ್ ಕಾಯ್ದೆಯನ್ನು ಎತ್ತಿಹಿಡಿದರೂ, ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿಯಾಗಿದ್ದ 57ನೆಯ ಸೆಕ್ಷನ್ನಿನ ಭಾಗವನ್ನು ಕಿತ್ತುಹಾಕಿದರು. 2019ರ ತಿದ್ದುಪಡಿಯಲ್ಲಿ ಬ್ಯಾಂಕು, ಮೊಬೈಲ್ ಕಂಪನಿಗಳು ಗ್ರಾಹಕರ 'ಸ್ವಇಚ್ಛೆ'ಯ ಹೆಸರಿನಲ್ಲಿ ಹಿತ್ತಿಲ ಬಾಗಿಲಿನಿಂದ ಒಳಬಂದವು. 2025ರ ಜನವರಿಯ ನಿಯಮಗಳು ಖಾಸಗಿ ಸಂಸ್ಥೆಗಳಿಗೆ ಇನ್ನಷ್ಟು ಬಾಗಿಲು ತೆರೆದವು. ಆ ನಿಯಮಗಳ ಹೆಸರಿನಲ್ಲೇ 'ಸುಶಾಸನ' ಇದೆ.

ಅಧ್ಯಾಯ 2: ಗೋಡೆಯ ತತ್ವಶಾಸ್ತ್ರ

ಮಾಹಿತಿ ಸುರಕ್ಷತೆಯ ಬಗ್ಗೆ ಪಾಶ್ಚಾತ್ಯ ವಿದ್ವಾಂಸರು ಗೂಢಲಿಪಿ, ಕೀಲಿ ಮುಂತಾದ ಅಮೂರ್ತ ಪರಿಕಲ್ಪನೆಗಳಲ್ಲಿ ಕಳೆದುಹೋಗಿದ್ದಾಗ, ನಮ್ಮಲ್ಲಿ ಚರ್ಚೆಯನ್ನು ಗಟ್ಟಿ ನೆಲಕ್ಕೆ ತಂದವರು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್. ಆಧಾರ್ ದತ್ತಾಂಶವು 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಗಳ ಹಿಂದೆ ಭದ್ರವಾಗಿದೆ ಎಂದು 2018ರ ಮಾರ್ಚ್‌ನಲ್ಲಿ ಅವರು ಸುಪ್ರೀಂ ಕೋರ್ಟಿಗೆ ತಿಳಿಸಿದರು. ಚಿತ್ರದುರ್ಗದ ಕೋಟೆಗೂ ಗೋಡೆಗಳಿದ್ದವು. ಹೈದರಾಲಿಯ ಸೈನಿಕರು ಒಳಗೆ ನುಸುಳಿದರು. ಆದರೆ ಅದು ಕಿಂಡಿಯ ಕತೆಯಾದ್ದರಿಂದ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಸೇರದು.

ಅದೇ ವರ್ಷದ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಅಧ್ಯಕ್ಷ ಆರ್.ಎಸ್. ಶರ್ಮಾ ತಮ್ಮ ಆಧಾರ್ ಸಂಖ್ಯೆಯನ್ನು ಟ್ವಿಟರಿನಲ್ಲಿ ಹಾಕಿ, ತಾಕತ್ತಿದ್ದರೆ ಹಾನಿ ಮಾಡಿ ತೋರಿಸಿ ಎಂದು ಸವಾಲೆಸೆದರು. ಸ್ವಲ್ಪ ಹೊತ್ತಿನಲ್ಲೇ ಜನ ಅವರ ಮೊಬೈಲ್ ನಂಬರು, ವಿಳಾಸ, ಪ್ಯಾನ್ ಸಂಖ್ಯೆಗಳನ್ನು ಹೆಕ್ಕಿ ತಂದರು. ಯಾರೋ ಅವರ ಬ್ಯಾಂಕ್ ಖಾತೆಗೆ 1 ರೂಪಾಯಿ ಜಮಾ ಮಾಡಿ ಕೈಮುಗಿದರು. ಇದಾವುದೂ ಆಧಾರ್ ಭಂಡಾರದಿಂದ ಸೋರಿದ್ದಲ್ಲ ಎಂದು ಆಧಾರ್ ಪ್ರಾಧಿಕಾರ ಸ್ಪಷ್ಟಪಡಿಸಿತು. ಅದರ ಬೆನ್ನಲ್ಲೇ, ದಯವಿಟ್ಟು ಯಾರೂ ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಹಾಕಬೇಡಿ ಎಂದು ಪ್ರಕಟಣೆ ಹೊರಡಿಸಿತು. ಎರಡು ಹೇಳಿಕೆಗಳ ನಡುವಿನ ಸಾಮರಸ್ಯ ಕುರಿತು ಪಿಎಚ್‌.ಡಿ. ಮಾಡಲು ಅವಕಾಶವಿದೆ.

ಅಧ್ಯಾಯ 3: ಅಡಿಟಿಪ್ಪಣಿಯ ಮಹತ್ವ

ವಿದ್ವಾಂಸರಿಗೆ ಪ್ರಿಯವಾದ ಅಧ್ಯಾಯವಿದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್, ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಕಿರಿಕಿರಿ ಹುಟ್ಟಿಸುವ ಸಂದೇಶ ಕಳಿಸಿದವರನ್ನು ಮೂರು ವರ್ಷದವರೆಗೆ ಜೈಲಿಗಟ್ಟಲು ಅವಕಾಶ ಕೊಟ್ಟಿತ್ತು. 2012ರಲ್ಲಿ, ಬಾಳ ಠಾಕ್ರೆ ತೀರಿಕೊಂಡಾಗಿನ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಪಾಲ್ಘರ್‌ನಲ್ಲಿ ಒಬ್ಬ ಯುವತಿಯನ್ನು ಬಂಧಿಸಲಾಯಿತು. ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಿಡಲಿಲ್ಲ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಇಡೀ ಸೆಕ್ಷನ್ನನ್ನೇ ಅಸಾಂವಿಧಾನಿಕವೆಂದು ರದ್ದು ಮಾಡಿತು.

ಸತ್ತ ಸೆಕ್ಷನ್ನು ಠಾಣೆಗಳಲ್ಲಿ ಬದುಕಿಯೇ ಇತ್ತು. ಹನ್ನೊಂದು ರಾಜ್ಯಗಳ ಜಿಲ್ಲಾ ನ್ಯಾಯಾಲಯಗಳಲ್ಲಿ ಇನ್ನೂ 745 ಮೊಕದ್ದಮೆಗಳು ಬಾಕಿಯಿವೆ ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ 2021ರಲ್ಲಿ ಸುಪ್ರೀಂ ಕೋರ್ಟಿನ ಗಮನಕ್ಕೆ ತಂದಾಗ ನ್ಯಾಯಮೂರ್ತಿಗಳು ಬೆಚ್ಚಿದರು. ಮುದ್ರಿತ ಕಾಯ್ದೆಯ ಪುಸ್ತಕದಲ್ಲಿ ಸೆಕ್ಷನ್ ಹಾಗೆಯೇ ಇದೆ, ರದ್ದಾದ ಸಂಗತಿ ಅಡಿಟಿಪ್ಪಣಿಯಲ್ಲಿದೆ ಎಂಬುದು ಸರ್ಕಾರದ ಪರ ಬಂದ ವಿವರಣೆ. ಅಡಿಟಿಪ್ಪಣಿ ಓದದವನಿಂದ ಮನುಕುಲಕ್ಕೆ ಏನೇನು ಅನಾಹುತ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಯಾವ ಸಂಶೋಧನಾ ಮಾರ್ಗದರ್ಶಿಗೂ ಸಿಗಲಾರದು. ಕಾನೂನು ಗೊತ್ತಿರಲಿಲ್ಲ ಎಂದು ಪ್ರಜೆ ಹೇಳುವಂತಿಲ್ಲ, ಪೊಲೀಸರು ಹೇಳಬಹುದು. ಈ ಸೆಕ್ಷನ್ನಿನಡಿ ಯಾರ ಮೇಲೂ ಮೊಕದ್ದಮೆ ನಡೆಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ಕೋರ್ಟು ಇನ್ನೊಮ್ಮೆ ಹೇಳಬೇಕಾಯಿತು.

ಕೇಂದ್ರವನ್ನು ಬೈದು ಬೆಂಗಳೂರಿಗೆ ಬಂದರೆ ಇಲ್ಲಿ 2025ರ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು ಕಾದಿತ್ತು. ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ವಿಜ್ಞಾನ, ಇತಿಹಾಸ, ಧರ್ಮ, ತತ್ವಶಾಸ್ತ್ರ, ಸಾಹಿತ್ಯಗಳ ಕುರಿತು ಅಧಿಕೃತ ಸಂಶೋಧನೆಯ ಆಧಾರವಿದ್ದದ್ದನ್ನೇ ಜಾಲತಾಣಗಳಲ್ಲಿ ಹಾಕುವಂತೆ ನೋಡಿಕೊಳ್ಳುವುದು ಕರಡು ಸೂಚಿಸಿದ ಪ್ರಾಧಿಕಾರದ ಕೆಲಸಗಳಲ್ಲೊಂದು. ಆ ಮಟ್ಟದ ಕಟ್ಟುನಿಟ್ಟು ಜಾರಿಯಾದರೆ ಮೊದಲು ಖಾಲಿಯಾಗುವುದು ವಿಶ್ವವಿದ್ಯಾಲಯಗಳ ಗ್ರಂಥಾಲಯ.

ಅಧ್ಯಾಯ 4: ಸೆಲ್ಫಿ ಸಾಕ್ಷಾತ್ಕಾರ

2020ರ ಮಾರ್ಚ್ ಕೊನೆಗೆ, ಮನೆಯಲ್ಲೇ ಕ್ವಾರಂಟೈನ್ ಆದವರು ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪಿಗೆ ಕಳಿಸಬೇಕೆಂದು ಕರ್ನಾಟಕ ಸರ್ಕಾರ ಆಜ್ಞಾಪಿಸಿತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ವಿನಾಯಿತಿ; ವೈರಾಣುವೂ ಆಗ ಮಲಗಿರುತ್ತಿತ್ತೆಂದು ತೋರುತ್ತದೆ. ಅದಕ್ಕೂ ಮೊದಲೇ ಕ್ವಾರಂಟೈನ್ ಆದವರ ಮನೆ ವಿಳಾಸಗಳನ್ನು ಸರ್ಕಾರ ತಾನೇ ಜಾಲತಾಣದಲ್ಲಿ ಪ್ರಕಟಿಸಿತ್ತು. ಈ ಅಧ್ಯಾಯದ ಮಟ್ಟಿಗೆ ಗೋಡೆ 13 ಅಡಿಯೂ ಇಲ್ಲ, 5 ಅಡಿಯೂ ಇಲ್ಲ.

ಮುಂದಿನ ಹಂತ ಉದ್ಯೋಗ ಖಾತರಿಯ ಹಾಜರಿ. ಕೆರೆಯ ಹೂಳು ತೆಗೆಯುವವರ ಫೋಟೋವನ್ನು ದಿನಕ್ಕೆರಡು ಸಲ, ಸ್ಥಳದ ಗುರುತಿನ ಸಮೇತ, ಆ್ಯಪಿಗೆ ಏರಿಸುವುದು 2023ರ ಜನವರಿ 1ರಿಂದ ಎಲ್ಲೆಡೆ ಕಡ್ಡಾಯವಾಯಿತು. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಮಣ್ಣು ಹೊತ್ತರೂ ಕೂಲಿ ಬರೆಯಿಸಿಕೊಳ್ಳುವುದು ದುಸ್ತರವಾಯಿತು. ಕಳ್ಳ ಹಾಜರಿ ನಿಂತಿತೇ? 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಪಟ್ಟಿ ಮಾಡಿತು: ಸಂಬಂಧವಿಲ್ಲದ ಚಿತ್ರಗಳು, ಫೋಟೋದ ಫೋಟೋಗಳು, ಒಬ್ಬರೇ ಹಲವು ಹಾಜರಿ ಪಟ್ಟಿಗಳಲ್ಲಿ. ಪರಿಹಾರವಾಗಿ, ಪ್ರತಿಯೊಂದು ಫೋಟೋವನ್ನೂ ಗ್ರಾಮ ಪಂಚಾಯಿತಿಯಲ್ಲಿ ಮನುಷ್ಯರು ಕೂತು ಕಣ್ಣಿನಿಂದ ನೋಡಬೇಕೆಂದು ಸುತ್ತೋಲೆ ಹೋಯಿತು. ಮನುಷ್ಯನನ್ನು ನಂಬದೆ ಯಂತ್ರ ತಂದು, ಯಂತ್ರವನ್ನು ನಂಬದೆ ಮನುಷ್ಯನನ್ನು ಕೂರಿಸಿ, ಪ್ರತ್ಯಕ್ಷ ಪ್ರಮಾಣದ ಪುನಃಪ್ರತಿಷ್ಠೆ ಹೀಗೆ ನೆರವೇರಿತು.

ಅಧ್ಯಾಯ 5: ಬೆರಳು

ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಹೆಬ್ಬೆಟ್ಟು ಒತ್ತುವುದೇ ಅವಮಾನವೆಂದು ಊರೂರಲ್ಲಿ ರಾತ್ರಿ ಶಾಲೆ ನಡೆಸಿ ಸಹಿ ಕಲಿಸಲಾಯಿತು. ಲಾಟೀನಿನ ಬೆಳಕಿನಲ್ಲಿ ತಿದ್ದಿ ತೀಡಿ ಹೆಸರು ಬರೆಯಲು ಕಲಿತವರಿಗೆ ಸರ್ಕಾರ ಈಗ ಹೇಳುತ್ತಿದೆ: ಸಹಿ ಬೇಡ, ಥಂಬ್ ಕೊಡಿ. ಕೊಡೋಣವೆಂದರೆ ಬೆರಳಿನಲ್ಲಿ ಗೆರೆ ಉಳಿದಿಲ್ಲ. ಅಡಿಕೆ ಸುಲಿದು, ಬೀಡಿ ಸುತ್ತಿ, ಜಲ್ಲಿ ಒಡೆದು, ಮುಸುರೆ ತಿಕ್ಕಿ ಸವೆದಿವೆ. ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಯಶಸ್ವಿಯಾಗುವುದು ನೂರಕ್ಕೆ 88 ಸಲ ಎಂದು ಆಧಾರ್ ಪ್ರಾಧಿಕಾರದ ಮುಖ್ಯಸ್ಥರೇ 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಪರದೆಯ ಮೇಲೆ ತೋರಿಸಿದರು.

ಉಳಿದ 12ನ್ನು ಇಲ್ಲಿ ತೌಲನಿಕವಾಗಿ ವಿಶ್ಲೇಷಿಸಬೇಕಿತ್ತು. ಅದಕ್ಕೆ ತಯಾರಿಸಿಟ್ಟಿದ್ದ ವರ್ಗೀಕರಣ ಹೀಗಿತ್ತು: ಸವೆತಜನ್ಯ, ಸ್ವೇದಜನ್ಯ, ವಾರ್ಧಕ್ಯಜನ್ಯ.

ಗೋಕರ್ಣದ ದಲಿತ ಕುಟುಂಬವೊಂದರ ಮೂವರು ಅಣ್ಣತಮ್ಮಂದಿರು 2017ರ ಜುಲೈನಲ್ಲಿ, ಎರಡು ವಾರಗಳೊಳಗೆ, ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಕಾರ್ಡಿಗೆ ಆಧಾರ್ ಜೋಡಣೆಯಾಗಿಲ್ಲವೆಂದು ಆ ಮನೆಗೆ ತಿಂಗಳುಗಟ್ಟಲೆ ರೇಷನ್ ಸಿಕ್ಕಿರಲಿಲ್ಲವೆಂದು ಪಿಯುಸಿಎಲ್ ಸತ್ಯಶೋಧನಾ ತಂಡ ಹೇಳಿತು. ಹಸಿವಿನ ಸಾವಲ್ಲ ಎಂದರು ಅಧಿಕಾರಿಗಳು. ಅದೇ ವರ್ಷದ ಸೆಪ್ಟೆಂಬರ್ 28ರಂದು ಜಾರ್ಖಂಡಿನ ಸಿಮ್ಡೇಗಾದಲ್ಲಿ 11 ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಜೋಡಿಸದ್ದಕ್ಕೆ ಆ ಮನೆಯ ರೇಷನ್ ಕಾರ್ಡು ರದ್ದಾಗಿತ್ತು. ಅನ್ನ ಅನ್ನ ಎನ್ನುತ್ತಲೇ ಹೋದಳು ಎಂದಳು ತಾಯಿ. ಮಲೇರಿಯಾ ಎಂದಿತು ಸರ್ಕಾರ.

ಆಧಾರ್ ಸಂಖ್ಯೆ ಸಿಗದವರಿಗೆ ಬದಲಿ ಗುರುತಿನ ದಾರಿ ಕಾಯ್ದೆಯ 7ನೆಯ ಸೆಕ್ಷನ್ನಿನ ಪರಂತುಕದಲ್ಲೇ ಇದೆ. ಆ ಪರಂತುಕವನ್ನು ಅಂಗಡಿಯ ಬಾಗಿಲಿಗೆ ತರಬೇಕಾದವರು ಯಾರು? ಅಂಗಡಿಯವನನ್ನು ಕೇಳಿದರೆ ಯಂತ್ರ ತೋರಿಸುತ್ತಾನೆ. ತಾಲ್ಲೂಕು ಕಚೇರಿ ಬೆಂಗಳೂರು ತೋರಿಸುತ್ತದೆ, ಬೆಂಗಳೂರು ದೆಹಲಿ ತೋರಿಸುತ್ತದೆ, ದೆಹಲಿ ಕಾಯ್ದೆ ತೋರಿಸುತ್ತದೆ. ಕಾಯ್ದೆಯಲ್ಲಿ ಎಲ್ಲವೂ ಸರಿಯಾಗಿಯೇ ಬರೆದಿದೆ. ಹಿಂದೆ ಅಕ್ಕಿ ಕೊಡದವನಿಗೆ ಒಂದು ಮುಖವಾದರೂ ಇತ್ತು. ಬೈಯಬಹುದಿತ್ತು, ಅವನ ಮನೆಮುಂದೆ ಧರಣಿ ಕೂರಬಹುದಿತ್ತು. ಈಗ ಅಕ್ಕಿ ಕೊಡದವರು ಯಾರೂ ಇಲ್ಲ. ಅಕ್ಕಿ ಸಿಗದವರು ಮಾತ್ರ ಇದ್ದಾರೆ.

ಸರ್ವರ್ ಡೌನ್‌ನ ಆರು, ಏಳನೆಯ ವಿಧಗಳನ್ನು ಇಲ್ಲಿ ಕೈಬಿಡಲಾಗಿದೆ.

ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಗೆದ್ದುಕೊಟ್ಟ ಹಕ್ಕಿನ ವಂಶಸ್ಥನೆಂದು ಹೇಳಿಕೊಂಡು ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸರ್ಕಾರದ್ದೇ ಇಲಾಖೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರದ ಕೈಗಿತ್ತಿದೆ. ಸುಳ್ಳು ದೂರು ಕೊಟ್ಟ ಪ್ರಜೆಗೆ 10,000 ರೂಪಾಯಿವರೆಗೆ ದಂಡವನ್ನೂ ಇಟ್ಟಿದೆ. ಹೋಗುವಾಗ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್ನಿನ ರೆಕ್ಕೆಯನ್ನೂ ಕತ್ತರಿಸಿದೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸಿದ್ದಾದರೆ, ಸಾರ್ವಜನಿಕ ಹಿತವಿದ್ದರೆ ಕೊಡಬೇಕು ಎಂಬ ಮಾತುಗಳು ಆ ಕಲಮಿನಲ್ಲಿದ್ದವು. 2025ರ ನವೆಂಬರ್‌ನಿಂದ ಅವು ಇಲ್ಲ. ವೈಯಕ್ತಿಕ ಮಾಹಿತಿಯೆಂದರೆ ಸಾಕು, ಇಲ್ಲವೆನ್ನಬಹುದು.

1994ರಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನರ ಎದುರು ಮಸ್ಟರ್ ರೋಲ್‌ಗಳನ್ನು ಗಟ್ಟಿಯಾಗಿ ಓದಿಸಿತು. ಹೆಸರು ಕರೆದಾಗ, ಆ ಕೆಲಸಕ್ಕೆ ನಾವು ಹೋಗಿಯೇ ಇಲ್ಲ ಎಂದು ಜನ ಎದ್ದು ನಿಂತರು. ಮಾಹಿತಿ ಹಕ್ಕಿನ ಚಳವಳಿ ಬೆಳೆದದ್ದು ಇಂಥ ಸಭೆಗಳಿಂದ. ಓದಿದ್ದೆಲ್ಲ ಹೆಸರು, ಊರು, ಕೂಲಿ. ಮೂರೂ ಇಂದಿನ ಕಾಯ್ದೆಯ ಲೆಕ್ಕಕ್ಕೆ ವೈಯಕ್ತಿಕ. ಸಾರ್ವಜನಿಕ ಹಿತದ ಮಾತು 8(2)ರಲ್ಲಿ ಇನ್ನೂ ಇದೆಯಲ್ಲ ಎನ್ನುತ್ತದೆ ಸರ್ಕಾರ. ಆ ಹಿತವನ್ನು ತೂಗಿ ನೋಡುವವರು ಮಾಹಿತಿ ಇಟ್ಟುಕೊಂಡ ಕಚೇರಿಯವರೇ. ಆಧಾರ್ ಜೋಡಣೆಯಾಗದೆ ಊರಿನಲ್ಲಿ ಯಾರ ಯಾರ ಕಾರ್ಡು ರದ್ದಾಯಿತೆಂದು ಇವತ್ತು ಒಬ್ಬರು ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ, ಹಸಿದವರ ಖಾಸಗಿತನ ಕಾಪಾಡುವ ಸಲುವಾಗಿ ಅವರ ಹೆಸರುಗಳನ್ನು ಕೊಡಲಾಗದು ಎಂದು ಹಿಂಬರಹ ಬರೆಯಲು ಕಚೇರಿಗೆ ಈಗ ಕಾನೂನಿನ ಬಲವಿದೆ.